ಯಂತ್ರವನ್ನು ಹಾಡಿದವರು

1909ನೆಯ ಇಸವಿ ಫೆಬ್ರವರಿ 20ರಂದು ಪ್ಯಾರಿಸ್ ನಗರದ ‘ಲ ಫಿಗಾರೊ’ ಪತ್ರಿಕೆಯ ಮುಖಪುಟದಲ್ಲಿ ಇಟಲಿಯ ಕವಿಯೊಬ್ಬನ ಘೋಷಣೆಯೊಂದು ಅಚ್ಚಾಯಿತು. ಕವಿಯ ಹೆಸರು ಫಿಲಿಪ್ಪೊ ತೊಮ್ಮಾಸೊ ಮರಿನೆತ್ತಿ; ಆಗ ಅವನಿಗೆ ಮೂವತ್ತೆರಡು ವರ್ಷ. ಹಳೆಯದೆಲ್ಲವೂ ಸಾಯಲಿ, ವೇಗವು ಬಾಳಲಿ ಎಂಬುದು ಅವನ ಮಾತಿನ ತಿರುಳು. ಗರ್ಜಿಸುತ್ತ ಓಡುವ ಮೋಟಾರು ಗಾಡಿಯು ಗ್ರೀಕರ ವಿಜಯದೇವತೆಯ ಹೆಸರಾಂತ ಶಿಲ್ಪಕ್ಕಿಂತ ಚೆಲುವಾದುದು ಎಂದು ಅವನು ಸಾರಿದನು. ಈ ಮಾತು ಅಂದಿನವರ ಕಿವಿಗೆ ಹೇಗೆ ಕೇಳಿಸಿರಬೇಕೆಂಬುದನ್ನು ನಮ್ಮ ಸೀಮೆಯ ವಾಚಕರು ತಿಳಿಯಬೇಕಾದರೆ ಒಂದು ಉಪಾಯವಿದೆ. ಕೊಟ್ಟೂರಿನ ಜಾತ್ರೆಯ ದಿನ, ಲಕ್ಷಾಂತರ ಜನರ ನಡುವೆ ಗುರು ಕೊಟ್ಟೂರೇಶ್ವರನ ತೇರು ಹೊರಟಿರುವಾಗ, ಯಾರೋ ಒಬ್ಬನು ಕಟ್ಟೆಯ ಮೇಲೆ ನಿಂತು, ‘ಈ ತೇರಿಗಿಂತ ಆಚೆ ನಿಂತಿರುವ ಅದಿರಿನ ಲಾರಿಯೇ ಸುಂದರ’ ಎಂದು ಕೂಗಿದನೆಂದು ಭಾವಿಸಿಕೊಳ್ಳಿರಿ. ಮರಿನೆತ್ತಿಗೆ ಬೇಕಾಗಿದ್ದುದು ಆ ಕ್ಷಣದ ಗದ್ದಲವೇ. ಅದು ಅವನಿಗೆ ಬೇಕಾದಷ್ಟು ದೊರಕಿತು.

ಈ ಪಂಥಕ್ಕೆ ಅವನು ಇಟ್ಟ ಹೆಸರು ಫ್ಯೂಚರಿಸಂ. ಕನ್ನಡದಲ್ಲಿ ಭವಿಷ್ಯವಾದವೆನ್ನಬಹುದು. ಬೊಚ್ಚೋನಿ, ಬಾಲ್ಲ, ಕಾರ್ರ, ಸೆವೆರೀನಿ, ರುಸ್ಸೊಲೊ ಎಂಬ ಐವರು ಚಿತ್ರಕಾರರು 1910ರಲ್ಲಿ ತಮ್ಮದೇ ಘೋಷಣೆಯನ್ನು ಹೊರಡಿಸಿ ಅವನೊಡನೆ ಸೇರಿಕೊಂಡರು. ಸಂಗೀತ, ಶಿಲ್ಪ, ವಾಸ್ತು, ನಾಟಕ, ಉಡುಪು, ಕೊನೆಕೊನೆಗೆ ಅಡುಗೆಯವರೆಗೂ ಘೋಷಣೆಗಳು ಹೊರಟುವು. ಪಂಥದ ಹುಟ್ಟಿನ ಕಥೆಯಂತೂ ವಿನೋದವಾಗಿದೆ. 1908ರಲ್ಲಿ ಮಿಲಾನ್ ನಗರದ ಬಳಿ ಮರಿನೆತ್ತಿಯು ತನ್ನ ಮೋಟಾರನ್ನು ಓಡಿಸುತ್ತಿದ್ದಾಗ ಎದುರಿಗೆ ಸೈಕಲ್ ಸವಾರರು ಬಂದರು. ಅವರನ್ನು ತಪ್ಪಿಸಲು ಹೋಗಿ ಗಾಡಿಯೊಡನೆ ಕಾಲುವೆಯ ಕೆಸರಿಗೆ ಉರುಳಿದನು. ಕೆಸರಿನಿಂದೆದ್ದು ಬಂದವನಿಗೆ ಜ್ಞಾನೋದಯವಾಯಿತು. ನಮ್ಮ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರ ತಿಂಮನ ಕೈಗೆ ಈ ಪ್ರಸಂಗ ಸಿಕ್ಕಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ನಗುವುದು ಸುಲಭ, ಆದರೆ ಆ ಘೋಷಣೆಯಲ್ಲಿ ನಗಲಾಗದ ಮಾತುಗಳೂ ಇದ್ದುವು. ಯುದ್ಧವು ಜಗತ್ತನ್ನು ತೊಳೆಯುವ ಸಾಧನವೆಂದು ಅದು ಕೊಂಡಾಡಿತು. ಗ್ರಂಥಾಲಯಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ನಾಶಮಾಡಬೇಕೆಂದಿತು. ಹೆಣ್ಣನ್ನು ತುಚ್ಛವಾಗಿ ಕಂಡಿತು. ಈ ಮಾತುಗಳಿಗೆ ಮುಂದೆ ಬರುತ್ತೇನೆ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಇಂಥ ಪಂಥವು ಅಷ್ಟೊಂದು ಜನ ಪ್ರತಿಭಾವಂತ ತರುಣರನ್ನು ಸೆಳೆದುದಾದರೂ ಏತಕ್ಕೆ?

ಯಂತ್ರಗಳ ತವರಾದ ಇಂಗ್ಲೆಂಡಿನಲ್ಲಿ ಈ ಪಂಥ ಹುಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ ನೂರು ವರ್ಷಗಳಿಂದ ಹೊಗೆ ಕುಡಿದವರಿಗೆ ಯಂತ್ರವೆಂದರೆ ಬೇಸರ, ಭಯ ಅಥವಾ ಬರಿಯ ಲಾಭ. ಭವಿಷ್ಯವಾದವು ಹುಟ್ಟಿದುದು ಇಟಲಿಯಲ್ಲಿ. ಬೇರೊಂದು ರೂಪದಲ್ಲಿ ಅದು ಬಲವಾಗಿ ಬೆಳೆದುದು ರಷ್ಯದಲ್ಲಿ. ಎರಡೂ ಅಂದಿಗೆ ಯಂತ್ರಗಳಲ್ಲಿ ಹಿಂದುಳಿದ ದೇಶಗಳು. ಟ್ಯೂರಿನ್ನಿನಲ್ಲಿ ಫಿಯಟ್ ಕಾರ್ಖಾನೆ ಸ್ಥಾಪನೆಯಾದುದೇ 1899ರಲ್ಲಿ. ಇಟಲಿಯ ತರುಣನು ಹೊರಗಿನವರ ಕಣ್ಣಿಗೆ ಹಾಳು ದೇಗುಲಗಳನ್ನು ಕಾಯುವ ಕಾವಲುಗಾರನಾಗಿದ್ದನು. ಬರುವ ಪ್ರವಾಸಿಗೆ ಅವನ ಅಜ್ಜಂದಿರು ಬೇಕು, ಅವನು ಬೇಡ. ವಸ್ತುಸಂಗ್ರಹಾಲಯವನ್ನು ಸುಡಬೇಕೆಂಬ ಅವನ ಸಿಟ್ಟಿನ ಹಿಂದೆ ಈ ಅವಮಾನವಿದೆ. ಯಂತ್ರವು ತಡವಾಗಿ ಬಂದ ನಾಡಿನಲ್ಲಿ ಯಂತ್ರದ ಹಂಬಲವು ಹೆಚ್ಚು. ಹಂಪೆಯನ್ನು ನೋಡಲು ಜಗತ್ತೇ ಬಂದು, ಅಲ್ಲಿಂದ ನಾಲ್ಕು ಹರಿದಾರಿ ಈಚೆಗಿರುವ ನಮ್ಮ ಹಳ್ಳಿಗಳ ಕಡೆಗೆ ತಿರುಗಿಯೂ ನೋಡದೆ ಮರಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅದೇ 1909ರಲ್ಲಿ ನಮ್ಮ ಸೀಮೆ ಹೇಗಿತ್ತು? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. ನಮ್ಮ ಸೀಮೆಯ ದಕ್ಷಿಣಕ್ಕೆ, ಮೈಸೂರು ಸಂಸ್ಥಾನದಲ್ಲಿ, ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡಿದ್ದುವು. ಆ ಬೆಳಕು ನಮ್ಮದಲ್ಲ. ನಮಗೆ ಇದ್ದುದು ಹೊಸಪೇಟೆಯಿಂದ ಕೊಟ್ಟೂರಿನವರೆಗೆ ಬಂದು ಅಲ್ಲಿಗೇ ನಿಂತುಹೋದ ಕಿರುದಾರಿಯ ರೈಲು. ಮುಂದಕ್ಕೆ ಹೋಗದೆ ಬಂದ ದಾರಿಯಲ್ಲಿಯೇ ಹಿಂದಿರುಗುವ ಆ ರೈಲನ್ನು ಭವಿಷ್ಯವಾದಿಗಳು ಯಾವ ಛಂದಸ್ಸಿನಲ್ಲಿ ಹಾಡುತ್ತಿದ್ದರೋ ತಿಳಿಯದು.

ಆ ವರ್ಷಕ್ಕೆ ಸಂಬಂಧಿಸಿದ ಮತ್ತೊಂದು ಸಂಗತಿಯಿದೆ. ಮರಿನೆತ್ತಿಯ ಘೋಷಣೆ ಫೆಬ್ರವರಿಯದು. ಅದೇ ವರ್ಷದ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ ಹಡಗಿನಲ್ಲಿ ಕುಳಿತು, ಬಲಗೈ ಸೋತಾಗ ಎಡಗೈಯಿಂದಲೂ ಬರೆಯುತ್ತ, ಗಾಂಧೀಜಿಯವರು ‘ಹಿಂದ್ ಸ್ವರಾಜ್’ ಮುಗಿಸಿದರು. ಒಬ್ಬನು ರೈಲನ್ನು ದೇವರೆಂದನು. ಇನ್ನೊಬ್ಬರು ರೈಲು ನಮ್ಮನ್ನು ಹಾಳುಮಾಡಿತೆಂದರು. ಒಬ್ಬನಿಗೆ ವೇಗವೇ ಸೌಂದರ್ಯ. ಇನ್ನೊಬ್ಬರಿಗೆ ಒಳಿತೆಂಬುದು ನಿಧಾನವಾಗಿಯೇ ನಡೆಯತಕ್ಕದ್ದು. ಒಂಬತ್ತು ತಿಂಗಳ ಅಂತರದಲ್ಲಿ ಬಂದ ಈ ಎರಡು ಪುಸ್ತಿಕೆಗಳು ಪರಸ್ಪರ ಗುರುತಿಲ್ಲದ ಇಬ್ಬರು ಎದುರಾಳಿಗಳಂತೆ ನನಗೆ ಕಾಣುತ್ತವೆ. ನಮ್ಮ ನವೋದಯದ ಹಿರಿಯರು ಬೆಳೆದುದು ಗಾಂಧೀಜಿಯವರ ನೆರಳಿನಲ್ಲಿ. ಕುವೆಂಪು ಅವರ ಕಾವ್ಯದಲ್ಲಿ ಯೋಗಿಯ ಪದವಿ ದೊರೆತುದು ನೇಗಿಲು ಹಿಡಿದವನಿಗೆ, ಎಂಜಿನಿಗೆ ಕಲ್ಲಿದ್ದಲು ತುಂಬಿದವನಿಗಲ್ಲ. ಕೂಡ್ಲಿಗಿಯಲ್ಲಿ ಮಹಾತ್ಮರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆಯೆಂಬುದನ್ನು ಹೊರಗಿನವರು ಅಷ್ಟಾಗಿ ಅರಿಯರು. ಅದರ ಸಮೀಪದಲ್ಲಿಯೇ ಹೆದ್ದಾರಿಯ ಲಾರಿಗಳು ಹಗಲಿರುಳೂ ಗರ್ಜಿಸುತ್ತ ಸಾಗುತ್ತವೆ. 1909ರ ಆ ವಾದ ಇಂದಿಗೂ ಮುಗಿದಿಲ್ಲವೆಂದು ಅಲ್ಲಿ ನಿಂತಾಗ ನನಗೆ ಅನ್ನಿಸಿದೆ.

ಈಗ ಚಿತ್ರಗಳ ಮಾತು. ಭವಿಷ್ಯವಾದಿಗಳ ಘೋಷಣೆಗಳಿಗಿಂತ ಅವರ ಚಿತ್ರಗಳು ಎಷ್ಟೋ ಮೇಲು. ಬಾಲ್ಲನು 1912ರಲ್ಲಿ ಬರೆದ ನಾಯಿಯ ಚಿತ್ರವೊಂದು ಪ್ರಸಿದ್ಧವಾಗಿದೆ. ಹೆಂಗಸೊಬ್ಬಳು ಸರಪಣಿ ಹಿಡಿದು ಪುಟ್ಟ ನಾಯಿಯನ್ನು ನಡೆಸುತ್ತಿದ್ದಾಳೆ. ನಾಯಿಗೆ ನಾಲ್ಕು ಕಾಲುಗಳಿಲ್ಲ. ಬೀಸಣಿಗೆಯಂತೆ ಹರಡಿಕೊಂಡ ಹತ್ತಾರು ಕಾಲುಗಳು. ಬಾಲವೂ ಹಲವು, ಸರಪಣಿಯೂ ಹಲವು. ಒಂದು ಓಟದ ಹಲವು ಕ್ಷಣಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದುದರ ಫಲವಿದು. ಚಲನೆಯ ಒಂದೊಂದು ಹಂತವನ್ನೂ ಬೇರೆಬೇರೆಯಾಗಿ ತೆಗೆದ ಫ್ರಾನ್ಸಿನ ಮಾರೆಯ ಛಾಯಾಚಿತ್ರಗಳು ಈ ದಾರಿಯನ್ನು ಮೊದಲೇ ತೋರಿಸಿದ್ದುವು. ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿದಾಗ ವಿದ್ಯಾರ್ಥಿಗಳು ಮೊದಲು ನಗುತ್ತಾರೆ. ಆಮೇಲೆ ಒಬ್ಬನಾದರೂ, ‘ಇದು ಬಸ್ಸಿನ ಕಿಟಕಿಯಿಂದ ಕಂಡ ಬೇಲಿಯಂತಿದೆ’ ಎನ್ನುತ್ತಾನೆ. ಅವನಿಗೆ ಭವಿಷ್ಯವಾದ ಅರ್ಥವಾಯಿತೆಂದೇ ನನ್ನ ಲೆಕ್ಕ. ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ಹುಡುಗನ ಕಣ್ಣು, ಅವನ ಅಜ್ಜನ ಕಣ್ಣಿನಂತೆ, ಒಂದು ಮರವನ್ನು ಒಂದೇ ಮರವಾಗಿ ಕಾಣುವುದಿಲ್ಲ. ವೇಗವು ನೋಟವನ್ನೇ ಬದಲಾಯಿಸಿದೆ. ಆ ಬದಲಾದ ನೋಟಕ್ಕೆ ತಕ್ಕ ಕಲೆ ಬೇಕೆಂದು ಕೇಳಿದುದರಲ್ಲಿ ಆ ಚಿತ್ರಕಾರರು ಖಂಡಿತ ಸರಿ.

ಬೊಚ್ಚೋನಿಯು ಇವರೆಲ್ಲರಿಗಿಂತ ದೊಡ್ಡವನು. ‘ನಗರ ಏಳುತ್ತಿದೆ’ ಎಂಬ ಅವನ ದೊಡ್ಡ ಚಿತ್ರ 1910ರಲ್ಲಿ ಆರಂಭವಾದುದು. ಹೆಸರು ಕೇಳಿದರೆ ಕಬ್ಬಿಣ, ಹೊಗೆ, ಎಂಜಿನುಗಳನ್ನು ನಿರೀಕ್ಷಿಸುತ್ತೇವೆ. ಹಿನ್ನೆಲೆಯಲ್ಲಿ ಕಟ್ಟಡಗಳೂ ಹೊಗೆಕೊಳವೆಗಳೂ ಇವೆ, ನಿಜ. ಆದರೆ ಚಿತ್ರದ ನಡುವೆ ತುಂಬಿಕೊಂಡಿರುವುದು ಕೆಂಪು ಜ್ವಾಲೆಯಂಥ ಒಂದು ಮಹಾ ಕುದುರೆ. ಅದನ್ನು ಹಿಡಿದು ನಿಲ್ಲಿಸಲು ಮೈಯೆಲ್ಲ ಬಾಗಿಸಿ ಎಳೆಯುತ್ತಿರುವ ಕೂಲಿಗಾರರು. ಯಂತ್ರವನ್ನು ಹಾಡಲು ಹೊರಟವನು ದುಡಿಯುವ ಪ್ರಾಣಿಯನ್ನೂ ದುಡಿಯುವ ಮನುಷ್ಯನನ್ನೂ ಹಾಡಿಬಿಟ್ಟನು. ಘೋಷಣೆಗಿಂತ ಕುಂಚ ಹೆಚ್ಚು ಪ್ರಾಮಾಣಿಕವಾದುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1913ರಲ್ಲಿ ಅವನು ಮಾಡಿದ, ಗಾಳಿಯನ್ನು ಸೀಳಿಕೊಂಡು ನಡೆಯುವ ಪುರುಷಾಕೃತಿಯು ಇಂದು ಇಟಲಿಯ ಇಪ್ಪತ್ತು ಸೆಂಟಿನ ಯೂರೋ ನಾಣ್ಯದ ಮೇಲೆ ಅಚ್ಚಾಗಿದೆ. ವಸ್ತುಸಂಗ್ರಹಾಲಯವನ್ನು ಸುಡಹೊರಟವರು ಸರಕಾರದ ಟಂಕಸಾಲೆಯನ್ನು ಸೇರಿದರು. ಬೊಚ್ಚೋನಿ ಅದನ್ನು ನೋಡಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿ, 1916ರ ಆಗಸ್ಟಿನಲ್ಲಿ, ವೆರೋನದ ಬಳಿ ತರಬೇತಿಯ ಸಮಯದಲ್ಲಿ ಬಿದ್ದು ಸತ್ತನು. ಬಿದ್ದುದು ಮೋಟಾರಿನಿಂದಲ್ಲ, ವಿಮಾನದಿಂದಲ್ಲ, ಕುದುರೆಯ ಮೇಲಿಂದ. ವಯಸ್ಸು ಮೂವತ್ತಮೂರು. ಗಗನಚುಂಬಿ ನಗರಗಳ ನಕ್ಷೆ ಬರೆದ ಸಾಂತ್ ಎಲಿಯ ಎಂಬ ತರುಣ ವಾಸ್ತುಶಿಲ್ಪಿಯೂ ಅದೇ ವರ್ಷ ರಣರಂಗದಲ್ಲಿ ಮಡಿದನು. ಯುದ್ಧದ ಸ್ತುತಿಗೆ ಯುದ್ಧವು ಕೊಟ್ಟ ಉತ್ತರವಿದು.

ಕಾವ್ಯದ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. 1912ರಲ್ಲಿ ಮರಿನೆತ್ತಿಯು ಸಾಹಿತ್ಯಕ್ಕಾಗಿಯೇ ಒಂದು ಘೋಷಣೆ ಹೊರಡಿಸಿ, ವಿಶೇಷಣಗಳನ್ನು ತೊಲಗಿಸಿರಿ, ವಿರಾಮಚಿಹ್ನೆಗಳನ್ನು ಕಿತ್ತೆಸೆಯಿರಿ, ಕ್ರಿಯಾಪದಗಳಿಗೆ ಕಾಲ ಪುರುಷಗಳ ಹಂಗು ಬೇಡ, ಸದ್ದುಗಳನ್ನು ಸದ್ದುಗಳಾಗಿಯೇ ಬರೆಯಿರಿ ಎಂದು ವಿಧಿಸಿದನು. 1914ರಲ್ಲಿ ಅಚ್ಚಾದ ಅವನ ಯುದ್ಧಕಾವ್ಯದ ಹೆಸರೇ ಫಿರಂಗಿಯ ಸದ್ದು. ಐರೋಪ್ಯ ಭಾಷೆಗಳಿಗೆ ಇದು ದೊಡ್ಡ ಕ್ರಾಂತಿಯಾಗಿ ಕಂಡಿತು. ಕನ್ನಡ ಮೇಷ್ಟರಿಗೆ ಅಷ್ಟು ಬೆರಗಾಗುವುದಿಲ್ಲ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯಗಳಿಗೆ ಹಿಂದಿನಿಂದಲೂ ಗೌರವದ ಸ್ಥಾನವಿದೆ. ದಬದಬ, ಗಡಗಡ, ಚಟಚಟ, ಧಗಧಗ ಎನ್ನದೆ ನಮ್ಮ ಹಳ್ಳಿಯ ಅಜ್ಜಿಗೆ ಒಂದು ಮಳೆಯನ್ನು ವರ್ಣಿಸಲಾಗದು. ಕುಮಾರವ್ಯಾಸನ ಯುದ್ಧವರ್ಣನೆಯ ಷಟ್ಪದಿಗಳನ್ನು ಗಮಕಿಗಳಿಂದ ಕೇಳಿದವರು ರಥಗಳ ಚೀತ್ಕಾರಕ್ಕಾಗಿ ಮಿಲಾನಿಗೆ ಹೋಗಬೇಕಾದುದಿಲ್ಲ.

ಭವಿಷ್ಯವನ್ನು ನುಡಿಯುವ ಕಲೆಯೂ ನಮಗೆ ಪರಕೀಯವೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ವರ್ಷಕ್ಕೊಮ್ಮೆ, ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ಲಕ್ಷಾಂತರ ಜನರನ್ನು ಮೌನಗೊಳಿಸಿ, ಒಂದೇ ಒಂದು ವಾಕ್ಯದ ಕಾರಣಿಕವನ್ನು ನುಡಿದು ಕೆಳಕ್ಕೆ ಧುಮುಕುತ್ತಾನೆ. ರೈತನು ಅದರಲ್ಲಿ ಮಳೆಯನ್ನು ಹುಡುಕುತ್ತಾನೆ, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು. ಮರಿನೆತ್ತಿಯ ಕಾರಣಿಕವು ಹನ್ನೊಂದು ಅಂಶಗಳದು; ಅವನು ಜನರನ್ನು ಸದ್ದು ಮಾಡಬೇಡಿರೆನ್ನಲಿಲ್ಲ, ಸದ್ದು ಮಾಡಿರೆಂದನು. ಭವಿಷ್ಯದ ಮುಂದೆ ಸ್ವಲ್ಪ ಹೊತ್ತು ಸುಮ್ಮನಿರಬೇಕೆಂಬ ಗೊರವಯ್ಯನ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ.

ಇನ್ನು ಪ್ರಭಾವದ ಪ್ರಶ್ನೆ. ಈ ಪಂಥ ಕನ್ನಡಕ್ಕೆ ಬಂದಿತೆ? ನೇರವಾಗಿ ಬರಲಿಲ್ಲವೆಂದೇ ಹೇಳಬೇಕು. ಆದರೆ ಬಂದ ಬಳಸುದಾರಿಯೊಂದಿದೆ. ಅದನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲವೆಂಬುದು ನನ್ನ ಅಭಿಪ್ರಾಯ. 1910ರಿಂದ 1914ರವರೆಗೆ ಮರಿನೆತ್ತಿಯು ಹಲವು ಬಾರಿ ಲಂಡನ್ನಿಗೆ ಬಂದು ಉಪನ್ಯಾಸಗಳನ್ನು ಕೊಟ್ಟನು. ಅಲ್ಲಿದ್ದ ಎಜ್ರಾ ಪೌಂಡ್ ಮತ್ತು ವಿಂಡಮ್ ಲೂಯಿಸ್ ಇವರು ಅವನಿಂದ ಪ್ರಚೋದಿತರೂ ಆದರು, ಅವನ ಮೇಲೆ ಮುನಿದರೂ ಮುನಿದರು. ಆ ಜಗಳದಿಂದ 1914ರಲ್ಲಿ ಅವರದೇ ಆದ ಪಂಥವೊಂದೂ, ‘ಬ್ಲಾಸ್ಟ್’ ಎಂಬ ಪತ್ರಿಕೆಯೂ ಹುಟ್ಟಿದುವು. ಆ ಪತ್ರಿಕೆಯ 1915ರ ಎರಡನೆಯ ಸಂಚಿಕೆಯಲ್ಲಿ ಟಿ. ಎಸ್. ಎಲಿಯಟ್ಟನ ಕವಿತೆಗಳು ಅಚ್ಚಾದುವು. ಮುಂದೆ 1922ರಲ್ಲಿ ಅವನ ‘ದಿ ವೇಸ್ಟ್ ಲ್ಯಾಂಡ್’ ಬಂದಿತು. ಮಹಾಯುದ್ಧ ಮುಗಿದಿತ್ತು, ಯಂತ್ರವು ಏನು ಮಾಡಬಲ್ಲದೆಂಬುದನ್ನು ಯೂರೋಪು ಕಂದಕಗಳಲ್ಲಿ ಕಂಡಿತ್ತು. ಮರಿನೆತ್ತಿ ಕುಣಿದಾಡಿದ ನಗರದಲ್ಲಿ ಎಲಿಯಟ್ಟನು ಹೆಣಗಳ ಮೆರವಣಿಗೆಯನ್ನು ಕಂಡನು. ಒಡೆದ ಸಾಲು, ತುಂಡು ಚಿತ್ರಗಳು, ಹಲವು ಕಾಲಗಳ ಏಕಕಾಲದ ನೋಟ ಇವೆಲ್ಲ ಉಳಿದುವು. ಹಿಗ್ಗು ಮಾತ್ರ ಹೋಯಿತು.

ನಮ್ಮ ನವ್ಯರು ಕೈಚಾಚಿದುದು ಆ ಎಲಿಯಟ್ಟನ ಕಡೆಗೆ. 1950ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದಲ್ಲಿ ವಿ. ಕೃ. ಗೋಕಾಕರು ‘ನವ್ಯ’ವೆಂಬ ಹೆಸರಿಟ್ಟರು. 1954ರಲ್ಲಿ ಗೋಪಾಲಕೃಷ್ಣ ಅಡಿಗರ ‘ಚಂಡೆ ಮದ್ದಳೆ’ ಪ್ರಕಟವಾಯಿತು. ಅದರ ಶಕ್ತಿಯನ್ನು ಅಲ್ಲಗಳೆಯುವವನು ನಾನಲ್ಲ. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ, ಇನ್ನೂ ಬೇಸರವಾಗಿಲ್ಲ. ಆದರೆ ಒಂದು ವಿಚಿತ್ರವನ್ನು ಹೇಳಲೇಬೇಕು. ಯಂತ್ರನಾಗರಿಕತೆಯ ಬಗೆಗಿನ ಜಿಗುಪ್ಸೆಯು ನಮ್ಮ ಕಾವ್ಯಕ್ಕೆ ಬಂದಾಗ ನಮ್ಮಲ್ಲಿ ಯಂತ್ರವೇ ಇನ್ನೂ ಬಂದಿರಲಿಲ್ಲ. ಯೂರೋಪಿನವರು ಮೊದಲು ಹಿಗ್ಗಿದರು, ಆಮೇಲೆ ಹೇಸಿದರು. ನಾವು ಹಿಗ್ಗದೆಯೇ ಹೇಸಲು ಕಲಿತೆವು. ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಉತ್ತರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯ ಸ್ಥಿತಿ ನಮ್ಮದಾಯಿತು. ಇದರ ಫಲವಾಗಿ, ಯಂತ್ರವನ್ನು ತೆಗಳುವುದೇ ಸುಸಂಸ್ಕೃತರ ಲಕ್ಷಣವೆಂಬ ಒಂದು ರೂಢಿ ಕನ್ನಡ ವಿಭಾಗಗಳಲ್ಲಿ ಬೇರೂರಿದೆ. ತೆಗಳುವವರು ಮನೆಗೆ ಹೋಗುವುದು ಮೋಟಾರು ಸೈಕಲ್ಲಿನ ಮೇಲೆಯೇ.

ಆ ‘ಚಂಡೆ ಮದ್ದಳೆ’ಗೆ ಒಂದು ವರ್ಷ ಮುಂಚೆ, 1953ರಲ್ಲಿ, ನಮ್ಮ ಸೀಮೆಯಲ್ಲಿ ನಡೆದುದೇನು? 1945ರಲ್ಲಿ ಅಡಿಗಲ್ಲು ಬಿದ್ದಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ ಆ ವರ್ಷ ನೀರು ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದುವು. ಒಂದೇ ವರ್ಷದಲ್ಲಿ ನೀರೂ ರಾಜ್ಯವೂ ಬದಲಾದ ಜನ ನಾವು. ಮೂವತ್ತಮೂರು ಬಾಗಿಲುಗಳ ಆ ಕಲ್ಲುಕಟ್ಟಡವನ್ನು ನೋಡಲು ಹಿರಿಯರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ತೂಬಿನಿಂದ ನೀರು ಹಾರುವುದನ್ನು ಕಂಡು ಕೈಮುಗಿದವರಿದ್ದರು. ಆ ಹಿಗ್ಗು ಸುಳ್ಳಲ್ಲ. ಅದಕ್ಕೆ ತೆತ್ತ ಬೆಲೆಯೂ ಸುಳ್ಳಲ್ಲ. ಸುಮಾರು ತೊಂಬತ್ತು ಹಳ್ಳಿಗಳು ನೀರಿನಡಿ ಹೋದುವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೊರಟರು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ, ಜೊತೆಗೆ ತಮ್ಮ ನಾಟಕದ ಹುಚ್ಚನ್ನೂ ಹೊತ್ತು ತಂದರು. ಹಡಗಲಿ, ಹಗರಿಬೊಮ್ಮನಹಳ್ಳಿಗಳ ನದೀತೀರದ ಎರೆಹೊಲಗಳು ಹಿನ್ನೀರಾದುವು. ನೀರು ತಗ್ಗಿಗೆ ಹರಿಯತಕ್ಕ ವಸ್ತುವಾದುದರಿಂದ, ಕಾಲುವೆಗಳು ಕೆಳಗಿನ ಸೀಮೆಗೆ ಹೋದುವು. ಮೇಲಿನ ಕೂಡ್ಲಿಗಿ, ಕೊಟ್ಟೂರುಗಳ ಹೊಲಗಳು ಮುಗಿಲನ್ನೇ ನೋಡುತ್ತ ಉಳಿದುವು. ಯಂತ್ರದ ಹಿಗ್ಗನ್ನೂ ಅದರ ದುಃಖವನ್ನೂ ಒಂದೇ ಮನೆಯೊಳಗೆ ಉಂಡವರಿಗೆ ಮರಿನೆತ್ತಿಯೂ ಸಾಲದು, ಎಲಿಯಟ್ಟನೂ ಸಾಲದು. ಇಬ್ಬರಿಗೂ ಮೀರಿದ ಒಂದು ಕಾವ್ಯ ಇಲ್ಲಿಂದ ಹುಟ್ಟಬೇಕಾಗಿತ್ತು. ಕವಿತೆಯಲ್ಲಿ ಅದು ಹುಟ್ಟಲಿಲ್ಲ. ಗದ್ಯದಲ್ಲಿ, ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರ ಉಸಿರುಗಟ್ಟಿ ಓಡುವ ವಾಕ್ಯಗಳಲ್ಲಿ, ಒಂದು ಊರಿನ ಎಲ್ಲ ಸದ್ದುಗಳೂ ಒಟ್ಟಿಗೆ ಕೇಳಿಸುವ ಆ ಗದ್ದಲದಲ್ಲಿ, ಅದರ ನೆರಳು ನನಗೆ ಕಂಡಿದೆ. ಇದು ನನ್ನೊಬ್ಬನ ಓದು, ಒಪ್ಪದವರು ಒಪ್ಪದಿರಬಹುದು.

ಕನ್ನಡದಲ್ಲಿ ಯಂತ್ರವನ್ನು ತೆರೆದ ಕಣ್ಣಿನಿಂದ ನೋಡಿ ಹಾಡಿದವರು ಇರಲೇ ಇಲ್ಲವೆ? ಇದ್ದರು. ತುಂಗಭದ್ರೆಯನ್ನು ದಾಟಿದರೆ ಆಚೆಗೆ ಹಾವೇರಿ ಸೀಮೆ. ಅಲ್ಲಿಯ ಶಿಶುನಾಳ ಷರೀಫ ಸಾಹೇಬರು ಗಿರಣಿಯನ್ನು ಕುರಿತು ಕಟ್ಟಿದ ತತ್ತ್ವಪದವನ್ನು ಕೇಳದ ಕನ್ನಡಿಗರು ವಿರಳ. ಅವರು ತೀರಿಕೊಂಡುದು 1889ರಲ್ಲಿ, ಎಂದರೆ ಮರಿನೆತ್ತಿಯ ಘೋಷಣೆಗೆ ಇಪ್ಪತ್ತು ವರ್ಷ ಮೊದಲು. ಗಿರಣಿಯ ವಿಸ್ತಾರವನ್ನು ಕಂಡು ಆ ಸಂತನು ಬೆಚ್ಚಲಿಲ್ಲ, ಶಪಿಸಲಿಲ್ಲ, ಅದರ ಮುಂದೆ ಅಡ್ಡಬೀಳಲೂ ಇಲ್ಲ. ನೆರೆಯವಳನ್ನು ಕರೆದು ತೋರಿಸುವ ಸಲಿಗೆಯಿಂದ ಅದನ್ನು ಕಣ್ತುಂಬ ನೋಡಿ, ಆಮೇಲೆ ಮೆಲ್ಲನೆ ಆ ಯಂತ್ರವನ್ನು ದೇಹ ಜೀವಗಳ ರೂಪಕವಾಗಿ ತಿರುಗಿಸಿಬಿಟ್ಟರು. ತಂಬೂರಿ, ಗುಡಿಸಲು, ಕೋಳಿಗಳು ಅವರ ಪದಗಳಿಗೆ ಬಂದ ಬಾಗಿಲಿನಿಂದಲೇ ಗಿರಣಿಯೂ ಬಂದಿತು. ಹೊಸದಕ್ಕೆ ಬೇರೆ ಬಾಗಿಲು ತೆರೆಯಬೇಕಾಗಲಿಲ್ಲ. ಮರಿನೆತ್ತಿಗೆ ಈ ನೆಮ್ಮದಿ ಎಂದೂ ದಕ್ಕಲಿಲ್ಲ.

ಅವನ ಮುಂದಿನ ಕಥೆ ಸಂತೋಷದ್ದಲ್ಲ. 1919ರ ವೇಳೆಗೆ ಅವನು ಮುಸ್ಸೊಲಿನಿಯ ಜೊತೆಗಾರನಾಗಿದ್ದನು. ನಡುವೆ ಮುನಿಸುಗಳಿದ್ದರೂ ಕೊನೆಯವರೆಗೆ ಆ ಸಖ್ಯವನ್ನು ಬಿಡಲಿಲ್ಲ. ಅಕಾಡೆಮಿಗಳನ್ನು ನಾಶಮಾಡಬೇಕೆಂದವನು 1929ರಲ್ಲಿ ಸರ್ವಾಧಿಕಾರಿಯು ಸ್ಥಾಪಿಸಿದ ಅಕಾಡೆಮಿಯ ಸದಸ್ಯನಾಗಿ ಸಮವಸ್ತ್ರ ತೊಟ್ಟನು, 1944ರಲ್ಲಿ ಸತ್ತನು. ರಷ್ಯದ ಭವಿಷ್ಯವಾದಿಗಳಲ್ಲಿ ಹಿರಿಯನಾದ ಮಾಯಕೋವ್‌ಸ್ಕಿಯು ಎದುರು ದಿಕ್ಕಿಗೆ ನಡೆದು ಕ್ರಾಂತಿಯ ಕವಿಯಾದನು. 1930ರಲ್ಲಿ ತನ್ನ ಕೈಯಾರ ಪ್ರಾಣ ಬಿಟ್ಟನು. ಒಂದೇ ಬೀಜದಿಂದ ಕಪ್ಪಂಗಿಯೂ ಕೆಂಪು ಬಾವುಟವೂ ಮೊಳೆತುವು. ಯಂತ್ರಪ್ರೇಮಕ್ಕೆ ತನ್ನದೇ ಆದ ರಾಜಕೀಯವಿಲ್ಲವೆಂದೂ, ಹತ್ತಿರ ನಿಂತವರ ರಾಜಕೀಯವನ್ನು ಅದು ಬಲುಬೇಗ ಹಚ್ಚಿಕೊಳ್ಳುತ್ತದೆಂದೂ ಇದರಿಂದ ನಾನು ತಿಳಿದಿದ್ದೇನೆ.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಒಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು. ‘ಆತ ಹೆಣ್ಣನ್ನು ಬೈದದ್ದು ಸರಿ ಸಾರ್, ಆದರೆ ವೇಗವನ್ನು ಹೊಗಳಿದ್ದರಲ್ಲಿ ತಪ್ಪೇನು? ಬಸ್ಸು ಇಲ್ಲದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ’ ಎಂದಳು. ಹರಪನಹಳ್ಳಿಯ ಕಡೆಯ ಹಳ್ಳಿಯವಳು. ಬೆಳಗಿನ ಮೊದಲ ಬಸ್ಸಿಗೆ ಬರುವವಳು. 2023ರ ಜೂನ್ ತಿಂಗಳಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲವಾದ ಮೇಲೆ ನಮ್ಮ ತರಗತಿಗಳ ಮುಂದಿನ ಬೆಂಚುಗಳು ತುಂಬಿವೆ. ಮರಿನೆತ್ತಿ ಯಾರನ್ನು ತುಚ್ಛವಾಗಿ ಕಂಡನೋ ಅವಳಿಗೇ ವೇಗದ ನಿಜವಾದ ಅರ್ಥ ತಿಳಿದಿದೆ. ಅವನಿಗೆ ಅದು ವಿಲಾಸ, ಅವಳಿಗೆ ಬಿಡುಗಡೆ. ಅವಳ ಪ್ರಶ್ನೆಗೆ ‘ತಪ್ಪೇನೂ ಇಲ್ಲ’ ಎಂದೆ. ಇಂದಿಗೂ ಅದೇ ನನ್ನ ಉತ್ತರ.

ಕೊಟ್ಟೂರಿನ ರೈಲಿನ ಮಾತು ಬಾಕಿ ಉಳಿಯಿತು. ಹಳಿಗಳನ್ನು ಅಗಲಿಸುವ ಸಲುವಾಗಿ 1990ರ ದಶಕದಲ್ಲಿ ಆ ಪ್ರಯಾಣಿಕರ ಗಾಡಿಯೂ ನಿಂತಿತು. ಹಳಿ ಅಗಲವಾಯಿತು, ದಾರಿ ಹರಿಹರದವರೆಗೆ ಮುಂದುವರಿಯಿತು, ಸರಕಿನ ಗಾಡಿಗಳು ಓಡಿದುವು. ಮನುಷ್ಯರನ್ನು ಹತ್ತಿಸಿಕೊಳ್ಳುವ ಗಾಡಿ ಮಾತ್ರ ಬರಲಿಲ್ಲ. ಅರ್ಜಿ, ಧರಣಿ, ಪಾದಯಾತ್ರೆಗಳಲ್ಲಿ ಒಂದು ತಲೆಮಾರು ಕಳೆದು, 2019ರಲ್ಲಿ ಹೊಸಪೇಟೆ ಹರಿಹರಗಳ ನಡುವೆ ಪ್ಯಾಸೆಂಜರ್ ಗಾಡಿ ಹೊರಟಿತು. ನಿಲ್ದಾಣಗಳಲ್ಲಿ ಜನ ಎಂಜಿನಿಗೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ಹಿಂದ್ ಸ್ವರಾಜ್ಯವನ್ನು ಗೌರವದಿಂದ ಓದಿದವನಾದರೂ, ಇಪ್ಪತ್ತು ವರ್ಷ ರೈಲಿಗಾಗಿ ಕಾದವರ ಮುಂದೆ ನಿಂತು ರೈಲಿನ ದೋಷಗಳನ್ನು ವಿವರಿಸುವ ಧೈರ್ಯ ನನಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಹತ್ತೊಂಬತ್ತನೆಯ ಬಾಗಿಲಿನ ಸರಪಣಿ ತುಂಡಾಗಿ, ಆ ಬಾಗಿಲು ನೀರಿನೊಡನೆ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನಂಬಿದ ಯಂತ್ರವು ಒಂದು ಕೊಂಡಿಯಲ್ಲಿ ಕೈಕೊಟ್ಟಿತು. ಆ ವಾರವೆಲ್ಲ ನಮ್ಮ ಸೀಮೆಯ ಜನ ಫೋನುಗಳಲ್ಲಿ ಅದೊಂದೇ ದೃಶ್ಯವನ್ನು ನೋಡಿದರು: ಬೆಳ್ಳಗೆ ನೊರೆಗರೆದು ಹಾರುವ ನೀರು, ಅದರ ಮೇಲೆ ಕ್ರೇನಿನ ತೋಳು, ಆ ತೋಳಿನಡಿಯಲ್ಲಿ ಕಬ್ಬಿಣದ ಹಲಗೆಯನ್ನು ಇಂಚಿಂಚಾಗಿ ತೋಡಿನೊಳಕ್ಕೆ ಇಳಿಸುತ್ತಿರುವ ಕೆಲಸಗಾರರು. ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ, ಒಂದು ವಾರದೊಳಗೆ ಬಾಯಿ ಮುಚ್ಚಿತು. ಬೊಚ್ಚೋನಿಯ ಕೆಂಪು ಕುದುರೆಯನ್ನೂ ಅದಕ್ಕೆ ಜೋತುಬಿದ್ದ ಆಳುಗಳನ್ನೂ ನಾನು ಆ ವಾರದಲ್ಲಿ ಅನೇಕ ಬಾರಿ ನೆನೆದೆನು. ಆ ದೃಶ್ಯದ ಮೇಲೆ ಕನ್ನಡದಲ್ಲಿ ವರದಿಗಳು ಬಂದುವು, ಆರೋಪ ಪ್ರತ್ಯಾರೋಪಗಳು ಬಂದುವು. ಒಂದು ಒಳ್ಳೆಯ ಕವಿತೆಯನ್ನು ನಾನು ಇನ್ನೂ ಓದಿಲ್ಲ.

ಹರಪನಹಳ್ಳಿಯ ಸುತ್ತಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ನಿಂತಿವೆ. ಮೂರು ರೆಕ್ಕೆಗಳು ಮೆಲ್ಲನೆ ತಿ��ುಗುವಾಗ ಬಾಲ್ಲನ ನಾಯಿಯ ಕಾಲುಗಳಂತೆ ಹಲವಾಗಿ ಕಾಣುತ್ತವೆ. ರಾತ್ರಿ ಸಾಲುಸಾಲಾಗಿ ಕೆಂಪು ದೀಪಗಳು ಮಿನುಗುತ್ತವೆ. ಕಳೆದ ವರ್ಷ ವಿದ್ಯಾರ್ಥಿಗಳಿಗೆ ‘ನಾನು ಕಂಡ ಯಂತ್ರ’ ಎಂದು ಪ್ರಬಂಧಕ್ಕೆ ವಿಷಯ ಕೊಟ್ಟಿದ್ದೆನು. ಹೆಚ್ಚಿನವರು ಟ್ರ್ಯಾಕ್ಟರಿನ ಬಗೆಗೆ, ಮೊಬೈಲಿನ ಬಗೆಗೆ, ಪುಸ್ತಕದ ಭಾಷೆಯಲ್ಲಿ ಬರೆದು ತಂದರು. ಒಬ್ಬನು ಮಾತ್ರ, ಗಾಳಿಯಂತ್ರದ ಒಂದು ರೆಕ್ಕೆಯನ್ನು ಹೊತ್ತ ಉದ್ದನೆಯ ಲಾರಿಯು ತನ್ನ ಊರಿನ ತಿರುವಿನಲ್ಲಿ ಸಿಕ್ಕಿಕೊಂಡ ರಾತ್ರಿಯನ್ನು ಬರೆದಿದ್ದನು. ರೆಕ್ಕೆ ಬೀದಿಗಿಂತ ಉದ್ದ. ಚಹದಂಗಡಿಯ ತಗಡು ಬಿಚ್ಚಿದರು, ಯಾರದೋ ಮನೆಯ ಜಗಲಿಯ ಕಲ್ಲು ಸರಿಸಿದರು, ಬೇವಿನ ಮರದ ಒಂದು ಕೊಂಬೆ ಕಡಿದರು. ಇಡೀ ಊರು ಎದ್ದು ಬಂದು, ಜಾತ್ರೆಯಲ್ಲಿ ತೇರಿಗೆ ಮಾಡುವಂತೆ, ‘ಎಡಕ್ಕೆ, ಇನ್ನೂ ಎಡಕ್ಕೆ, ಮೆಲ್ಲಗೆ’ ಎಂದು ಕೂಗುತ್ತ ದಾರಿ ತೋರಿಸಿತು. ಚಾಲಕನು ಬಿಹಾರಿನವನು, ಅವನಿಗೆ ಕನ್ನಡ ಬಾರದು. ಬೆಳಗಿನ ಜಾವಕ್ಕೆ ಗಾಡಿ ತಿರುವನ್ನು ದಾಟಿತು. ಹುಡುಗನ ಅಜ್ಜಿ ಆ ಬಿಳಿಯ ರೆಕ್ಕೆಯನ್ನು ಒಮ್ಮೆ ಮುಟ್ಟಿ ನೋಡಿ, ಇದು ತಣ್ಣಗಿದೆಯಲ್ಲ ಎಂದಳಂತೆ. ಅವನಿಗೆ ನಾನು ಇಪ್ಪತ್ತಕ್ಕೆ ಹದಿನೆಂಟು ಅಂಕ ಕೊಟ್ಟೆನು.